ಹಳೆಯ ಮೋಟಾರ್‌ಸೈಕಲ್ಲಿನ ಡ್ರಮ್ ಬ್ರೇಕು: ಹಿಡಿತ ಹೆಚ್ಚಿಸುವುದು ಹೇಗೆ?



ಪುಣೆ–ಹೈದರಾಬಾದ್ ಹೆದ್ದಾರಿ ಬೀದರ್ ಜಿಲ್ಲೆಯನ್ನು ಹಾದು ಹೋಗುವಾಗ ಬಸವಕಲ್ಯಾಣವನ್ನು ಸ್ವಲ್ಪ ಪಕ್ಕಕ್ಕೆ ಬಿಟ್ಟು ಹುಮನಾಬಾದನ್ನು ಮುಟ್ಟುತ್ತದೆ. ಹಿಂದೆ ಇದನ್ನು 9ನೆಯ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದರು. ಈಗ ಅದರ ಸಂಖ್ಯೆ 65. ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ರಸ್ತೆ ಬಂದು ಇದನ್ನು ಸೇರುತ್ತದೆ. ದೂರದೂರಿನ ಸರಕು ಲಾರಿಗಳು, ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು, ತೊಗರಿ ಹೊಲದ ಬದುವಿನಿಂದ ಒಮ್ಮೆಲೇ ರಸ್ತೆಗೆ ಇಳಿಯುವ ಎಮ್ಮೆಗಳು, ಎಲ್ಲಕ್ಕೂ ಇದೇ ದಾರಿ. ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಜಾವಾ, ಯೆಜ್ಡಿ ಅಥವಾ ಬುಲೆಟ್ ಗಾಡಿ ಸದ್ದು ಮಾಡುತ್ತ ಹೋಗುವುದನ್ನು ನೀವು ನೋಡಿರಬಹುದು. ಅಜ್ಜ ಓಡಿಸಿದ ಫಟಫಟಿಯನ್ನು ಮೊಮ್ಮಗ ತೊಳೆದು, ಬಣ್ಣ ಹಚ್ಚಿಸಿ, ಎಂಜಿನ್ ಬಿಚ್ಚಿಸಿ ಮತ್ತೆ ರಸ್ತೆಗೆ ತಂದಿರುತ್ತಾನೆ. ಎಂಜಿನ್ನಿಗೆ, ಬಣ್ಣಕ್ಕೆ, ಕ್ರೋಮಿಯಂ ಹೊಳಪಿಗೆ ಸಾಕಷ್ಟು ಹಣ ಖರ್ಚಾಗಿರುತ್ತದೆ. ಬ್ರೇಕಿನ ಮಾತು ಬಂದಾಗ ಮಾತ್ರ, 'ಹಳೇ ಗಾಡಿ ಅಲ್ಲವೇ, ಅಷ್ಟೇ ಹಿಡಿಯುತ್ತದೆ' ಎಂಬ ಉತ್ತರ ಸಿಗುತ್ತದೆ.

ಈ ಉತ್ತರ ಪೂರ್ತಿ ಸರಿಯಲ್ಲ. ಹಳೆಯ ಡ್ರಮ್ ಬ್ರೇಕು ಇಂದಿನ ಡಿಸ್ಕ್ ಬ್ರೇಕಿಗೆ ಸಮನಾಗದು, ನಿಜ. ಆದರೆ ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಹಳೆಯ ಗಾಡಿಗಳ ಬ್ರೇಕು ತನ್ನ ಸ್ವಂತ ಸಾಮರ್ಥ್ಯದ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ ಎಂಬುದು ನನ್ನ ಅನಿಸಿಕೆ. ಉಳಿದದ್ದನ್ನು ಮರಳಿ ಪಡೆಯಲು ಹೊಸ ಯಂತ್ರಭಾಗಗಳಿಗಿಂತ ಹೆಚ್ಚಾಗಿ ನಿಮ್ಮ ಭೌತಶಾಸ್ತ್ರದ ಪಾಠವೂ ಸ್ವಲ್ಪ ತಾಳ್ಮೆಯೂ ಬೇಕು.

ಮೊದಲು ಒಂದು ಲೆಕ್ಕ ಮಾಡೋಣ. ಗಾಡಿ, ಅದರ ಮೇಲೆ ಕುಳಿತ ಇಬ್ಬರು, ಎಲ್ಲ ಸೇರಿ 300 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ಚಲನಶಕ್ತಿ ಎಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದ್ದು. ಇಲ್ಲಿ ಸುಮಾರು 42 ಸಾವಿರ ಜೂಲುಗಳು. ಗಾಡಿ ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಯಾದರೂ ಹೋಗಬೇಕು. ಬ್ರೇಕು ಅದನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಬದಲಿಸುತ್ತದೆ. ಎಷ್ಟು ಉಷ್ಣ? ಒಂದು ಚಹಾ ಲೋಟದಷ್ಟು ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಒಮ್ಮೆ ನಿಂತರೆ ಒಂದು ಲೋಟ. ವೇಗ ಇಮ್ಮಡಿಯಾದರೆ ನಾಲ್ಕು ಲೋಟ. ಬ್ರೇಕು ಎಂಬುದು ಶಾಖವನ್ನು ಹುಟ್ಟಿಸಿ ಗಾಳಿಗೆ ಬಿಟ್ಟುಕೊಡುವ ಯಂತ್ರ ಎಂಬುದನ್ನು ನೆನಪಿಡಿ; ಮುಂದಿನ ಅನೇಕ ಸಂಗತಿಗಳು ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಈಗ ಎರಡು ಗಾಡಿಗಳು ಅಕ್ಕಪಕ್ಕದಲ್ಲಿ 60ರ ವೇಗದಲ್ಲಿ ಬರುತ್ತಿವೆ ಎನ್ನಿ. ಒಂದರ ಬ್ರೇಕು ಸೆಕೆಂಡಿಗೆ 7 ಮೀಟರಿನಂತೆ ವೇಗ ತಗ್ಗಿಸಬಲ್ಲದು. ಇನ್ನೊಂದು ನಿರ್ಲಕ್ಷಿಸಿದ ಹಳೆಯ ಡ್ರಮ್ಮು, 4 ಮೀಟರಿನಂತೆ. ಅಪಾಯ ಕಂಡು ಕೈ ಬ್ರೇಕಿನ ಹಿಡಿ ಅದುಮುವಷ್ಟರಲ್ಲಿ, ಅಂದರೆ ಸುಮಾರು ಒಂದು ಸೆಕೆಂಡಿನಲ್ಲಿ, ಎರಡೂ 17 ಮೀಟರು ಹೋಗಿರುತ್ತವೆ. ಅನಂತರ ಮೊದಲನೆಯದು 20 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ 35 ಮೀಟರು ಬೇಕು. ವ್ಯತ್ಯಾಸ 15 ಮೀಟರು: ಒಂದು ಟ್ರ್ಯಾಕ್ಟರು, ಅದರ ಹಿಂದಿನ ಎರಡು ಕಬ್ಬಿನ ಟ್ರೇಲರು ಸೇರಿ ಹೆಚ್ಚುಕಡಿಮೆ ಅಷ್ಟೇ ಉದ್ದವಿರುತ್ತವೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಮೊದಲನೆಯ ಗಾಡಿ ನಿಂತ ಜಾಗವನ್ನು ಎರಡನೆಯ ಗಾಡಿ ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 39 ಕಿ.ಮೀ. ಇರುತ್ತದೆ. ನೀವೇ ಲೆಕ್ಕ ಮಾಡಿ ನೋಡಿ. ದೀಪವಿಲ್ಲದ ಟ್ರೇಲರಿನ ಹಿಂಭಾಗಕ್ಕೆ 39ರ ವೇಗದಲ್ಲಿ ಬಡಿಯುವುದು ಎಂದರೇನು ಎಂಬುದನ್ನು ವಿವರಿಸಬೇಕಾಗಿಲ್ಲ.

ಈ ಗಾಡಿಗಳಿಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲನ್ನು ತಯಾರಿಸಿತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯಿಂದ ಮರಳಿ ಬಂದವು, ಡಿಸ್ಕ್ ಬ್ರೇಕಿನೊಂದಿಗೆ. ಹಳೆಯ ಮೈಸೂರು ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಡ್ರಮ್ಮೇ. ಜೊತೆಗೆ ಅವುಗಳದು ಟು-ಸ್ಟ್ರೋಕ್ ಎಂಜಿನ್ನು. ಆಕ್ಸಿಲರೇಟರು ಬಿಟ್ಟಾಗ ಬುಲೆಟ್ಟಿನಂಥ ಫೋರ್-ಸ್ಟ್ರೋಕ್ ಎಂಜಿನ್ನು ಗಾಡಿಯನ್ನು ಸಾಕಷ್ಟು ಹಿಂದಕ್ಕೆ ಎಳೆಯುತ್ತದೆ. ಟು-ಸ್ಟ್ರೋಕ್ ಎಂಜಿನ್ನು ಅಷ್ಟು ಎಳೆಯದು. ಆದ್ದರಿಂದ ಜಾವಾ, ಯೆಜ್ಡಿ, ರಾಜ್‌ದೂತ್, ಆರ್‌ಎಕ್ಸ್ 100 ಗಾಡಿಗಳಲ್ಲಿ ಬ್ರೇಕಿನ ಹೊಣೆ ಇನ್ನೂ ಹೆಚ್ಚು.

ಡ್ರಮ್ಮಿನ ಒಳಗೆ ಏನಿದೆ? ಚಕ್ರದೊಂದಿಗೆ ತಿರುಗುವ ಒಂದು ಬಟ್ಟಲು. ಅದರ ಬಾಯಿಯನ್ನು ಮುಚ್ಚುವ, ತಿರುಗದೆ ನಿಲ್ಲುವ ಒಂದು ಪ್ಲೇಟು. ಪ್ಲೇಟಿನ ಮೇಲೆ ಅರ್ಧಚಂದ್ರದ ಆಕಾರದ ಎರಡು ಶೂಗಳು, ಅವುಗಳ ಬೆನ್ನಿಗೆ ಘರ್ಷಣೆಯ ಲೈನರು. ಶೂಗಳ ಒಂದು ತುದಿ ಗೂಟಕ್ಕೆ ಆತುಕೊಂಡಿರುತ್ತದೆ. ಇನ್ನೊಂದು ತುದಿಗಳ ನಡುವೆ ಚಪ್ಪಟೆಯಾದ ಕ್ಯಾಮ್. ಕೇಬಲ್ಲು ಎಳೆದಾಗ ಕ್ಯಾಮ್ ಹೊರಳಿ ಶೂಗಳನ್ನು ಅಗಲಿಸುತ್ತದೆ, ಲೈನರು ಬಟ್ಟಲಿನ ಒಳಮೈಗೆ ಉಜ್ಜುತ್ತದೆ.

ಇಲ್ಲಿ ಒಂದು ಸೊಗಸಾದ ವಿಷಯವಿದೆ. ಎರಡು ಶೂಗಳೂ ಒಂದೇ ರೀತಿ ಕಂಡರೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಬಾಗಿಲ ಸಂದಿಗೆ ಸಿಕ್ಕಿಸಿದ ಮರದ ಬೆಣೆಯನ್ನು ನೆನಪಿಸಿಕೊಳ್ಳಿ: ಬಾಗಿಲು ತಳ್ಳಿದಷ್ಟೂ ಬೆಣೆ ಬಿಗಿಯುತ್ತದೆ. ಡ್ರಮ್ಮು ತಿರುಗುವ ದಿಕ್ಕಿನಲ್ಲಿ ಯಾವ ಶೂಗೆ ಕ್ಯಾಮ್ ಮೊದಲು, ಗೂಟ ಆಮೇಲೆ ಬರುತ್ತದೋ ಅದನ್ನು ಡ್ರಮ್ಮೇ ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಇದು ಮುನ್ನುಗ್ಗುವ ಶೂ. ಎದುರಿನ ಶೂವನ್ನು ಡ್ರಮ್ಮು ಹಿಂದಕ್ಕೆ ನೂಕುತ್ತದೆ. ಅದು ಹಿಂಜರಿಯುವ ಶೂ. ಹಿಡಿತದ ದೊಡ್ಡ ಪಾಲು ಮೊದಲನೆಯದರದು. ಹಾಗಾದರೆ ಎರಡೂ ಮುನ್ನುಗ್ಗುವಂತೆ ಮಾಡಬಾರದೇ? ಮಾಡಬಹುದು, ಎರಡು ಕ್ಯಾಮ್ ಇಟ್ಟು, ಹೊರಗಿನಿಂದ ಒಂದು ಸರಳಿನಲ್ಲಿ ಅವನ್ನು ಜೋಡಿಸುತ್ತಾರೆ. ಬುಲೆಟ್ಟಿನ ಮುಂದಿನ 7 ಅಂಗುಲದ ಬ್ರೇಕು ಈ ಬಗೆಯದು. ಮುಂದಕ್ಕೆ ಹೋಗುವಾಗ ಇದರ ಹಿಡಿತ ಚೆನ್ನ. ಆದರೆ ಏರು ರಸ್ತೆಯಲ್ಲಿ ನಿಂತು ಗಾಡಿ ಹಿಂದಕ್ಕೆ ಜಾರತೊಡಗಿದರೆ ಎರಡೂ ಶೂಗಳು ಹಿಂಜರಿಯುತ್ತವೆ, ಮುಂದಿನ ಬ್ರೇಕು ಕೈಕೊಡುತ್ತದೆ. ಆಗ ಹಿಂದಿನ ಬ್ರೇಕನ್ನೇ ನಂಬಬೇಕು. ಇಂಥ ಬ್ರೇಕಿನಲ್ಲಿ ಎರಡು ಕ್ಯಾಮುಗಳನ್ನು ಸೇರಿಸುವ ಸರಳಿನ ಉದ್ದ ಕೂದಲೆಳೆಯಷ್ಟು ತಪ್ಪಿದರೂ ಒಂದು ಶೂ ಮಾತ್ರ ಕೆಲಸ ಮಾಡಿ ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ಬುಲೆಟ್ಟಿನ ಮುಂದಿನ ಬ್ರೇಕು ಹಿಡಿಯುವುದಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದು.

ಇನ್ನು ದುರಸ್ತಿಯ ಮಾತು. ಮುಖ್ಯವಾದುದನ್ನು ಮೊದಲು ಹೇಳುತ್ತೇನೆ: ಡ್ರಮ್ಮು ಗುಂಡಗಿರಬೇಕು, ಲೈನರು ಅದೇ ಗುಂಡಿಗೆ ಹೊಂದಬೇಕು. ಕೇಳಲು ಸುಲಭ. ಆದರೆ ಚಕ್ರದ ಮೂವತ್ತಾರೋ ನಲವತ್ತೋ ಕಡ್ಡಿಗಳು ಡ್ರಮ್ಮನ್ನು ಸದಾ ಹೊರಕ್ಕೆ ಎಳೆಯುತ್ತಿರುತ್ತವೆ. ಎಳೆತ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾದರೆ ಡ್ರಮ್ಮು ತುಸು ಮೊಟ್ಟೆಯಾಕಾರ ತಾಳುತ್ತದೆ. ಬ್ರೇಕು ಮೆಲ್ಲಗೆ ಹಿಡಿದಾಗ ಹಿಡಿ ನಿಮ್ಮ ಬೆರಳಿಗೆ ನಾಡಿಯಂತೆ ಬಡಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಅನೇಕರು ಹಬ್ಬನ್ನು ಬಿಚ್ಚಿ, ಬರಿಯ ಡ್ರಮ್ಮನ್ನು ಲೇತಿನಲ್ಲಿ ತಿರುಗಿಸಿ, ಅನಂತರ ಕಡ್ಡಿ ಹೆಣೆಯಿಸುತ್ತಾರೆ. ಕಡ್ಡಿ ಬಿಗಿದೊಡನೆ ಡ್ರಮ್ಮು ಮತ್ತೆ ಸೊಟ್ಟಗಾಗುತ್ತದೆ, ಕೊಟ್ಟ ಹಣ ವ್ಯರ್ಥ. ಕಡ್ಡಿ ಹೆಣೆದು, ಚಕ್ರ ನೇರ ಮಾಡಿ, ಟೈರು ತೆಗೆದ ಇಡೀ ಚಕ್ರವನ್ನೇ ಲೇತಿಗೆ ಏರಿಸಬೇಕು. ಅಷ್ಟು ಅಗಲದ ಚಕ್ರ ಸಣ್ಣ ಲೇತಿನಲ್ಲಿ ಹಿಡಿಸದು. ಇಲ್ಲಿ ಹೆದ್ದಾರಿಯ ಊರಿನವರಿಗೆ ಒಂದು ಅನುಕೂಲವಿದೆ: ಲಾರಿಗಳ ಬ್ರೇಕೂ ಡ್ರಮ್ಮೇ ಆದ್ದರಿಂದ ಲಾರಿ ರಿಪೇರಿ ನಡೆಯುವ ಕಡೆ ದೊಡ್ಡ ಡ್ರಮ್ಮು ತಿರುಗಿಸುವ ಲೇತು ಸಿಗುವ ಸಂಭವ ಹೆಚ್ಚು. ತೆಗೆಯಬೇಕಾದದ್ದು ಮಾತ್ರ ತೀರ ತೆಳುವಾದ ಪೊರೆ. ಅನೇಕ ಗಾಡಿಗಳಲ್ಲಿ ಅಲ್ಯೂಮಿನಿಯಂ ಹಬ್ಬಿನೊಳಗೆ ಕಬ್ಬಿಣದ ಬಳೆಯೊಂದು ಕೂತಿರುತ್ತದೆ. ಅದನ್ನು ಹೆಚ್ಚು ಕೊರೆದರೆ ಹಬ್ಬೇ ಹೋಯಿತು.

ಡ್ರಮ್ಮು ಕೊರೆದ ಮೇಲೆ ಅದರ ವ್ಯಾಸ ಹೆಚ್ಚುತ್ತದೆ. ಅಂಗಡಿಯಿಂದ ತಂದ ಸಾಮಾನ್ಯ ಶೂ ಅದರೊಳಗೆ ಕುಳಿತಾಗ ಲೈನರಿನ ನಡುಭಾಗ ಮಾತ್ರ ತಗುಲುತ್ತದೆ, ಎರಡು ತುದಿಗಳು ಗಾಳಿಯಲ್ಲಿರುತ್ತವೆ. ಆದ್ದರಿಂದ ಸ್ವಲ್ಪ ದಪ್ಪ ಲೈನರು ಹಾಕಿಸಿ, ಶೂಗಳನ್ನು ಪ್ಲೇಟಿನ ಮೇಲೆಯೇ ಕೂರಿಸಿ, ಲೇತಿನಲ್ಲಿ ಡ್ರಮ್ಮಿನ ಅಳತೆಗೆ ತಿರುಗಿಸಬೇಕು. ಹೊಂದಿಕೆ ಪರೀಕ್ಷಿಸಲು ನಿಮ್ಮ ತರಗತಿಯ ಸೀಮೆಸುಣ್ಣ ಸಾಕು. ಡ್ರಮ್ಮಿನ ಒಳಮೈಗೆ ಸುಣ್ಣ ಬಳಿದು, ಚಕ್ರ ಜೋಡಿಸಿ, ಮೆಲ್ಲಗೆ ಬ್ರೇಕು ಹಿಡಿಯುತ್ತ ಒಂದೆರಡು ಸುತ್ತು ತಿರುಗಿಸಿ ಬಿಚ್ಚಿ ನೋಡಿ. ಲೈನರಿನ ಮೇಲೆ ಎಲ್ಲಿ ಬಿಳಿ ಅಂಟಿದೆಯೋ ಅಲ್ಲಿ ಮಾತ್ರ ಬ್ರೇಕು ಕೆಲಸ ಮಾಡುತ್ತಿದೆ. ಎಷ್ಟೋ ಗಾಡಿಗಳಲ್ಲಿ ಆ ಬಿಳಿ ಗುರುತು ಎರಡು ಬೆರಳಿನಷ್ಟೂ ಅಗಲವಿರುವುದಿಲ್ಲ. ಎತ್ತರದ ಜಾಗಗಳನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಬಿಳಿ ಲೈನರಿನ ಬಹುಭಾಗಕ್ಕೆ ಹರಡುವವರೆಗೆ ಇದನ್ನು ಮಾಡಬೇಕು. ಲೈನರಿನ ಮುಂದಂಚನ್ನು ಸ್ವಲ್ಪ ಇಳಿಜಾರಾಗಿ ಉಜ್ಜಿದರೆ ಬ್ರೇಕು ಕಿರುಚುವುದೂ ತಟ್ಟನೆ ಕಚ್ಚಿಕೊಳ್ಳುವುದೂ ಕಡಿಮೆಯಾಗುತ್ತದೆ.

ಉಜ್ಜುವ ಮಾತು ಬಂದದ್ದರಿಂದ ಇಲ್ಲಿ ನಿಂತು ಒಂದು ವಿಷಯ ಹೇಳಲೇಬೇಕು. ಹಿಂದಿನ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಹಳೆಯ ಗಾಡಿಯ ಡ್ರಮ್ಮು ಬಿಚ್ಚಿದಾಗ ಕಾಣುವ ಬೂದಿಯಂಥ ಧೂಳಿನಲ್ಲಿ ಅದರ ಎಳೆಗಳಿರಬಹುದು. ಅವು ಕಣ್ಣಿಗೆ ಕಾಣದಷ್ಟು ಸಣ್ಣವು. ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಆಸ್ಬೆಸ್ಟೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಇವುಗಳಿಂದ ಬರುತ್ತವೆ, ಅದೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಅನಂತರ. ಹದಿನಾರರ ಹುಡುಗ ಗ್ಯಾರೇಜಿನಲ್ಲಿ ಉಸಿರಾಡಿದ ಧೂಳು ಅವನಿಗೆ ಐವತ್ತಾದಾಗ ಲೆಕ್ಕ ಕೇಳುತ್ತದೆ. ಕಾಯಿಲೆಗೂ ಕೆಲಸಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯುವುದಿಲ್ಲ. ಆದುದರಿಂದ ಡ್ರಮ್ಮಿಗೆ ಬಾಯಿಂದ ಊದಬೇಡಿ. ಪಂಕ್ಚರ್ ಅಂಗಡಿಯ ಗಾಳಿ ಪೈಪಂತೂ ಬೇಡವೇ ಬೇಡ. ಸಾಬೂನು ಕಲಸಿದ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಹೊಸದಾಗಿ ಕೊಳ್ಳುವ ಲೈನರು ಕಲ್ನಾರು ರಹಿತವೇ ಎಂದು ಪೊಟ್ಟಣ ಓದಿ ಕೇಳಿ. ಕೈಯಲ್ಲಿ ಉಜ್ಜಬೇಕಾದರೆ ಬಯಲಿನಲ್ಲಿ, ಮುಖಕ್ಕೆ ತಕ್ಕ ಮಾಸ್ಕ್ ಹಾಕಿ, ನೀರು ತಾಗಿಸಿ ಉಜ್ಜಿ. ಮೂಗಿಗೆ ಕಟ್ಟಿದ ಕರ್ಚೀಫು ಈ ಎಳೆಗಳನ್ನು ತಡೆಯುವುದಿಲ್ಲ.

ಮತ್ತೆ ಬ್ರೇಕಿಗೆ ಬರೋಣ. ನಿಮ್ಮ ಬೆರಳಿನ ಬಲ ಲೈನರಿಗೆ ತಲುಪುವ ದಾರಿಯಲ್ಲಿ ಎರಡು ಸನ್ನೆಕೋಲುಗಳಿವೆ. ಒಂದು, ಹ್ಯಾಂಡಲಿನ ಹಿಡಿ. ಇನ್ನೊಂದು, ಕ್ಯಾಮಿನ ತೋಳು. ಮೊದಲನೆಯದು ಬಲವನ್ನು 5 ಪಟ್ಟು, ಎರಡನೆಯದು 10 ಪಟ್ಟು ಮಾಡಿದರೆ ಒಟ್ಟು 50 ಪಟ್ಟು. ಇದು ಕಾಗದದ ಮೇಲಿನ ಲೆಕ್ಕ. ಒಣಗಿದ, ತುಕ್ಕು ಹಿಡಿದ, ಅಲ್ಲಲ್ಲಿ ಮಡಿಚಿದ ಕೇಬಲ್ಲು ಇದರಲ್ಲಿ ದೊಡ್ಡ ಭಾಗವನ್ನು ದಾರಿಯಲ್ಲೇ ನುಂಗುತ್ತದೆ. ಒಳ್ಳೆಯ ದಪ್ಪ ಕೇಬಲ್ಲು ಹಾಕಿ, ಎಣ್ಣೆ ಇಳಿಸಿ, ಸುತ್ತಿ ಬಳಸದೆ ಸರಾಗವಾಗಿ ಒಯ್ಯಿರಿ. ಅಷ್ಟಕ್ಕೇ ಎಷ್ಟೋ ಗಾಡಿಗಳ ಬ್ರೇಕು ಸುಧಾರಿಸುತ್ತದೆ.

ಕ್ಯಾಮಿನ ತೋಳಿನ ಕೋನವನ್ನು ನೋಡುವವರು ಕಡಿಮೆ. ಬ್ರೇಕು ಪೂರ್ತಿ ಹಿಡಿದಾಗ ಕೇಬಲ್ಲಿಗೂ ತೋಳಿಗೂ 90 ಡಿಗ್ರಿ ಇರಬೇಕು. ತ್ರಿಕೋನಮಿತಿ ಕಲಿತವರಿಗೆ ಕಾರಣ ಗೊತ್ತು: ತಿರುಗಿಸುವ ಬಲ ಕೋನದ ಸೈನ್‌ಗೆ ಅನುಗುಣ. 90ರಲ್ಲಿ ಅದು 1, 120ರಲ್ಲಿ 0.87, 135ರಲ್ಲಿ 0.71. ಲೈನರು ಸವೆದಂತೆಲ್ಲ ತಿರುಪು ಬಿಗಿಯುತ್ತ ಹೋದರೆ ಕೋನ 90 ದಾಟುತ್ತದೆ, ಬ್ರೇಕು ಸವೆದದ್ದರ ಜೊತೆಗೆ ಬಲವೂ ಕುಂದುತ್ತದೆ. ತೋಳನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸುವುದು ಸುಲಭದ ಉಪಾಯ. ಆದರೆ ಲೈನರು ಮುಗಿದಿದ್ದರೆ ಈ ಉಪಾಯ ಬೇಡ. ಮುಗಿದ ಲೈನರಿನಲ್ಲಿ ಕ್ಯಾಮ್ ತೀರ ಅಡ್ಡಕ್ಕೆ ಹೊರಳಿ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಆಗ ಹಿಡಿ ಬಿಟ್ಟರೂ ಚಕ್ರ ಬಿಡುವುದಿಲ್ಲ.

ಉದ್ದ ತೋಳು ಹಾಕಿದರೆ ಬಲ ಹೆಚ್ಚುತ್ತದಲ್ಲವೇ ಎಂದು ನೀವು ಕೇಳಬಹುದು. ಹೆಚ್ಚುತ್ತದೆ, ಜೊತೆಗೆ ಹಿಡಿ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಸನ್ನೆಕೋಲು ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಈ ಚಲನೆಗೂ ಶಾಖಕ್ಕೂ ಸಂಬಂಧವಿದೆ. 180 ಮಿಲಿಮೀಟರು ವ್ಯಾಸದ ಕಬ್ಬಿಣದ ಡ್ರಮ್ಮು 150 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಅದರ ವ್ಯಾಸ ಸುಮಾರು 0.3 ಮಿಲಿಮೀಟರು ಹಿಗ್ಗುತ್ತದೆ, ಅಂದರೆ ಒಂದೊಂದು ಬದಿಗೆ 0.15. ಶೂ ಒಂದು ತುದಿಯಲ್ಲಿ ಗೂಟಕ್ಕೆ ಆತಿರುವುದರಿಂದ ನಡುಭಾಗ 0.15 ಸರಿಯಲು ಕ್ಯಾಮಿನ ಕಡೆಯ ತುದಿ ಅದರ ಇಮ್ಮಡಿ, 0.3 ಸರಿಯಬೇಕು. ಅದನ್ನು 50ರಿಂದ ಗುಣಿಸಿ: ಹಿಡಿಯ ತುದಿಯಲ್ಲಿ 15 ಮಿಲಿಮೀಟರು. ದೀರ್ಘ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಲೇ ಬಂದಾಗ ಹಿಡಿ ಹ್ಯಾಂಡಲಿನ ಹತ್ತಿರ ಹತ್ತಿರ ಹೋಗುವುದು ಇದಕ್ಕೇ. ಬಿಸಿಗೆ ಲೈನರಿನ ಘರ್ಷಣೆಯೂ ಇಳಿಯುತ್ತದೆ. ಈ ಎರಡೂ ಸೇರಿದ್ದೇ ಬ್ರೇಕು 'ಸೋಲುವುದು'. ಡಿಸ್ಕ್ ಬ್ರೇಕಿನಲ್ಲಿ ಬಿಸಿಯಾದ ತಟ್ಟೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಬಯಲು ಗಾಳಿಗೆ ಬೇಗ ತಣಿಯುತ್ತದೆ. 1969ರ ಹೋಂಡಾ ಸಿಬಿ 750ರ ಬಳಿಕ ಡಿಸ್ಕು ಮೋಟಾರ್‌ಸೈಕಲ್ಲುಗಳಲ್ಲಿ ಹರಡಿದ್ದಕ್ಕೆ ಇದೂ ಒಂದು ಕಾರಣ.

ಡ್ರಮ್ಮನ್ನು ತಣಿಸಲೆಂದು ಪ್ಲೇಟಿಗೆ ಸಾಲಾಗಿ ತೂತು ಕೊರೆಯುವ ಗೀಳು ಕೆಲವು ಯುವಕರಲ್ಲಿದೆ. ರೇಸಿನ ಗಾಡಿಯಂತೆ ಕಾಣುತ್ತದೆ, ಒಪ್ಪೋಣ. ನಮ್ಮ ಕಡೆಯ ಕೆಂಪು ಧೂಳು, ಮಳೆಗಾಲದ ಎರೆಮಣ್ಣಿನ ರಾಡಿ ಆ ತೂತುಗಳಿಂದ ನೇರ ಲೈನರಿಗೆ ಹೋಗುತ್ತದೆ. ಪ್ಲೇಟಿನ ಬಲವೂ ಕುಗ್ಗುತ್ತದೆ. ಇನ್ನು ಕೆಲವರು ಮುಂದಿನ ಫೋರ್ಕಿಗೆ ಬೇರೆ ಗಾಡಿಯ ಡಿಸ್ಕು ಬೆಸೆಯಿಸುತ್ತಾರೆ. ಆ ಫೋರ್ಕು ಅಂಥ ತಿರುಚುವ ಬಲಕ್ಕೆ ರೂಪಿಸಿದ್ದಲ್ಲ. ಅಲ್ಲದೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಬರುತ್ತದೆ. 2021ರಲ್ಲಿ ಬಂದ ನಿಯಮಗಳಂತೆ 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇನ್ನು ಒಂದು ಪುಟ್ಟ ಉಪಾಯ, ಖರ್ಚಿಲ್ಲದ್ದು. ಚಕ್ರ ಬಿಚ್ಚಿ ಮತ್ತೆ ಹಾಕುವಾಗ ಆಕ್ಸಲ್ ನಟ್ಟನ್ನು ಒಮ್ಮೆಲೇ ಬಿಗಿಯಬೇಡಿ. ನಟ್ಟು ಸಡಿಲವಿರುವಾಗಲೇ ಚಕ್ರವನ್ನು ತಿರುಗಿಸಿ ಬ್ರೇಕನ್ನು ಬಲವಾಗಿ ಹಿಡಿಯಿರಿ. ಎರಡು ಶೂಗಳೂ ಡ್ರಮ್ಮಿಗೆ ಒತ್ತಿ ಪ್ಲೇಟನ್ನು ತಾವಾಗಿಯೇ ನಡುವಿಗೆ ತರುತ್ತವೆ. ಹಿಡಿದ ಕೈ ಬಿಡದೆ ನಟ್ಟು ಬಿಗಿಯಿರಿ. ಒಬ್ಬರು ಹಿಡಿದು ಒಬ್ಬರು ಬಿಗಿದರೆ ಎರಡು ನಿಮಿಷದ ಕೆಲಸ. ಮೆತ್ತಗೆ ಸ್ಪಂಜಿನಂತಿದ್ದ ಹಿಡಿ ಗಟ್ಟಿಯಾದುದನ್ನು ನಿಮ್ಮ ಬೆರಳೇ ಹೇಳುತ್ತದೆ. ಪ್ಲೇಟು ಚಕ್ರದೊಂದಿಗೆ ತಿರುಗದಂತೆ ತಡೆಯುವ ಬೋಲ್ಟನ್ನು ಕೊನೆಯಲ್ಲಿ ಮತ್ತೊಮ್ಮೆ ಮುಟ್ಟಿ ನೋಡಿ. ಅದು ಕಳಚಿದರೆ ಬ್ರೇಕು ಹಿಡಿದ ಕ್ಷಣ ಪ್ಲೇಟೇ ಸುತ್ತಿ, ಕೇಬಲ್ಲು ಸುತ್ತಿಕೊಂಡು, ಚಕ್ರ ಕಚ್ಚಿ ನಿಲ್ಲುತ್ತದೆ.

ಹಬ್ಬಿನ ಸೀಲು ಹರಿದು ಗ್ರೀಸು ಲೈನರಿಗೆ ಇಳಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಹಚ್ಚಿ ಒಣಗಿಸುವ ಪದ್ಧತಿ ಕೆಲವೆಡೆ ಇದೆ. ಮೇಲ್ಮೈ ಒಣಗಿದಂತೆ ಕಾಣುತ್ತದೆ. ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಜಿನುಗುತ್ತದೆ. ಅಂಥ ಲೈನರನ್ನು ಬದಲಿಸಿ, ಮೊದಲು ಸೀಲನ್ನು ಬದಲಿಸಿ.

ಹೊಸ ಲೈನರು ಹಾಕಿದ ದಿನವೇ ಹೆದ್ದಾರಿಗೆ ಹೋಗಬೇಡಿ. ವಾಹನವಿಲ್ಲದ ರಸ್ತೆಯಲ್ಲಿ 30ರ ವೇಗದಿಂದ ಮೆಲ್ಲಗೆ ಹತ್ತಾರು ಸಲ ನಿಲ್ಲಿಸಿ, ನಡುನಡುವೆ ತಣಿಯಲು ಬಿಡಿ. ಲೈನರು ಡ್ರಮ್ಮಿಗೆ ಹೊಂದಿಕೊಳ್ಳಲು ಒಂದೆರಡು ನೂರು ಕಿಲೋಮೀಟರು ಬೇಕು. ಅನಂತರ ಒಮ್ಮೆ ಬಿಚ್ಚಿ ಸೀಮೆಸುಣ್ಣದ ಪರೀಕ್ಷೆಯನ್ನು ಪುನಃ ಮಾಡಿ. ಮುಂದಿನ ಬ್ರೇಕು ಹಿಡಿದರೆ ಬಿದ್ದುಬಿಡುತ್ತೇವೆ ಎಂಬ ಭಯದಿಂದ ಹಿಂದಿನದನ್ನೇ ತುಳಿಯುವವರು ಬಹಳ. ಆದರೆ ವೇಗ ತಗ್ಗುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಆದ್ದರಿಂದ ಗಾಡಿಯನ್ನು ನೇರವಾಗಿಟ್ಟು, ಎರಡನ್ನೂ ಹಿಡಿಯಿರಿ, ಮುಂದಿನದನ್ನು ಹಂತಹಂತವಾಗಿ ಬಿಗಿಸಿ. ಮಳೆಯಲ್ಲಿ ಹಳ್ಳದ ನೀರು ದಾಟಿದ ಮೇಲೆ ಒದ್ದೆಯಾದ ಲೈನರು ಮೊದಲ ಹಿಡಿತಕ್ಕೆ ಕೆಲಸ ಮಾಡುವುದಿಲ್ಲ. ನೀರು ದಾಟಿದೊಡನೆ, ಮುಂದೆ ಏನೂ ಅಡ್ಡವಿಲ್ಲದಾಗ, ಹಿಡಿಯನ್ನು ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ಸಾಗಿ. ಘರ್ಷಣೆಯ ಬಿಸಿಗೆ ನೀರು ಆರಿ ಹಿಡಿತ ಮರಳಿ ಬರುವುದು ನಿಮ್ಮ ಬೆರಳಿಗೇ ತಿಳಿಯುತ್ತದೆ.